ಅಕ್ಕನ ಜೊತೆಗೇ ಉಳಿದ ತಂಗಿ: ಚಿತ್ರಕಾರ ಗೇನ್ಸ್‌ಬರೋನ ಕಿರಿ ಮಗಳು ಮಾರ್ಗರೆಟ್

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಒಂದು ಚಿತ್ರ ಇದೆ. ಇಬ್ಬರು ಪುಟ್ಟ ಹೆಣ್ಣುಮಕ್ಕಳು ಕೈ ಕೈ ಹಿಡಿದುಕೊಂಡು ಚಿಟ್ಟೆ ಹಿಂದೆ ಹೊರಟಿದ್ದಾರೆ. ಬಿಳಿ ಚಿಟ್ಟೆ ಹೋಗಿ ಕೂತಿರೋದು ಮುಳ್ಳುಗಿಡದ ಮೇಲೆ. ಚಿಕ್ಕವಳಿಗೆ ಅದೆಲ್ಲ ಗೊತ್ತಿಲ್ಲ, ಕೈ ಚಾಚಿಬಿಟ್ಟಿದ್ದಾಳೆ. ದೊಡ್ಡವಳ ಮುಖದಲ್ಲಿ ಸ್ವಲ್ಪ ಅಳುಕು ಇದೆ, ತಂಗಿಯ ಕೈ ಮಾತ್ರ ಬಿಟ್ಟಿಲ್ಲ. ಹಿಂದೆಲ್ಲ ಕತ್ತಲು ಕವಿದ ಕಾಡು. ಸುಮಾರು 1756ರಲ್ಲಿ ಬರೆದ ಚಿತ್ರ. ಬರೆದವನು ಆ ಮಕ್ಕಳ ಅಪ್ಪ, ಇಂಗ್ಲೆಂಡಿನ ಹೆಸರಾಂತ ಚಿತ್ರಕಾರ ಥಾಮಸ್ ಗೇನ್ಸ್‌ಬರೋ. ನೀಲಿ ಬಟ್ಟೆ ಹಾಕಿಕೊಂಡು ನಿಂತ ಹುಡುಗನ ಚಿತ್ರ, 'ಬ್ಲೂ ಬಾಯ್', ನಮ್ಮಲ್ಲೂ ಕೆಲವರು ಕ್ಯಾಲೆಂಡರಿನಲ್ಲೋ ಪುಸ್ತಕದಲ್ಲೋ ನೋಡಿರಬಹುದು. ಅದನ್ನು ಬರೆದವನೂ ಈತನೇ.

ಚಿತ್ರದಲ್ಲಿ ಅಕ್ಕ ತಂಗಿಯನ್ನು ಹಿಡಿದುಕೊಂಡಿದ್ದಾಳೆ. ಬದುಕಿನಲ್ಲಿ ಅದು ತಿರುಗಾಮುರುಗಾ ಆಯ್ತು. ಆ ಚಿಕ್ಕವಳೇ ಮಾರ್ಗರೆಟ್. ಅವಳು ಮದುವೆ ಆಗಲಿಲ್ಲ. ಬುದ್ಧಿ ಸ್ಥಿಮಿತ ಕಳೆದುಕೊಂಡ ಅಕ್ಕನನ್ನು ಮನೆಯಲ್ಲಿ ಇಟ್ಟುಕೊಂಡು, ತಾನು ಸಾಯುವವರೆಗೂ ನೋಡಿಕೊಂಡಳು. ಅಪ್ಪನ ಬಗ್ಗೆ ದಪ್ಪ ದಪ್ಪ ಪುಸ್ತಕಗಳಿವೆ, ಈಕೆಗೆ ಅದರಲ್ಲಿ ಸಿಗೋದು ಅಲ್ಲೊಂದು ಸಾಲು, ಇಲ್ಲೊಂದು ಸಾಲು. ಅದಕ್ಕೇ ಇವತ್ತು ಅಪ್ಪನನ್ನು ಪಕ್ಕಕ್ಕಿಟ್ಟು ಮಗಳ ಕಥೆ ಹೇಳೋಣ ಅಂತ.

ಮೊದಲು ಮನೆತನ. ಗೇನ್ಸ್‌ಬರೋ ಹುಟ್ಟಿದ್ದು 1727ರಲ್ಲಿ, ಸಫೋಕ್ ಸೀಮೆಯ ಸಡ್‌ಬರಿ ಎಂಬ ಸಣ್ಣ ಪೇಟೆಯಲ್ಲಿ. ನೇಕಾರರ ಊರು ಅದು. ಅವನಪ್ಪ ಉಣ್ಣೆ ಬಟ್ಟೆ ವ್ಯಾಪಾರಿ. ವ್ಯಾಪಾರ ಮುಳುಗಿ 1733ರಲ್ಲಿ ದಿವಾಳಿ ಆದ. ಆಮೇಲೆ ಅದೇ ಊರಿನಲ್ಲಿ ಅಂಚೆ ಕೆಲಸ ನೋಡಿಕೊಂಡ. ಅಂಗಡಿ ಮುಚ್ಚಿದ ಮನೆಯಲ್ಲಿ ಬೆಳೆದ ಮಕ್ಕಳಿಗೆ ದುಡ್ಡಿನ ಭಯ ಹೇಗಿರುತ್ತೆ ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗ ಹದಿಮೂರರ ಆಸುಪಾಸಿನಲ್ಲೇ ಲಂಡನ್ನಿಗೆ ಹೋಗಿ ಕೆಲಸ ಕಲಿತ. 1746ರಲ್ಲಿ ಮಾರ್ಗರೆಟ್ ಬರ್ ಎಂಬುವಳನ್ನು ಮದುವೆ ಆದ. ಅವಳು ಬೋಫರ್ಟ್ ಡ್ಯೂಕನಿಗೆ ಮದುವೆಯಾಚೆ ಹುಟ್ಟಿದ ಮಗಳು. ಆ ಮನೆಯಿಂದ ಅವಳಿಗೆ ವರ್ಷಕ್ಕೆ 200 ಪೌಂಡ್ ಬರುತ್ತಿತ್ತು. ಶುರುವಿನ ವರ್ಷಗಳಲ್ಲಿ ಸಂಸಾರ ನಿಂತಿದ್ದೇ ಆ ದುಡ್ಡಿನ ಮೇಲೆ.

ಮೊದಲ ಮಗು ಮೇರಿ ಎಳೆಯದರಲ್ಲೇ ತೀರಿಹೋಯಿತು. 1750ರಲ್ಲಿ ಹುಟ್ಟಿದ ಎರಡನೇ ಮಗಳಿಗೂ ಅದೇ ಹೆಸರಿಟ್ಟರು. 1751ರಲ್ಲಿ ಮೂರನೆಯವಳು ಹುಟ್ಟಿದಳು, ಅವಳಿಗೆ ತಾಯಿ ಹೆಸರು, ಮಾರ್ಗರೆಟ್. ಮನೆಯಲ್ಲಿ ದೊಡ್ಡವಳು ಮೋಲಿ, ಚಿಕ್ಕವಳು ಪೆಗ್ಗಿ. ಚಿಕ್ಕವಳಿಗೆ ಅಪ್ಪ ಇನ್ನೊಂದು ಅಡ್ಡಹೆಸರೂ ಇಟ್ಟಿದ್ದ: ಕ್ಯಾಪ್ಟನ್. ಮನೆಯಲ್ಲಿ ಯಾರ ಮಾತು ನಡೀತಿತ್ತು ಅಂತ ಇದರಲ್ಲೇ ಅರ್ಥ ಆಗುತ್ತೆ.

1752ರಲ್ಲಿ ಸಂಸಾರ ಇಪ್ಸ್‌ವಿಚ್‌ಗೆ ಹೋಯಿತು, 1759ರಲ್ಲಿ ಬಾತ್ ಊರಿಗೆ. ಬಾತ್‌ನಲ್ಲಿ ಬಿಸಿನೀರ ಬುಗ್ಗೆಗಳಿವೆ. ಕಾಯಿಲೆ ವಾಸಿ ಮಾಡಿಕೊಳ್ಳೋ ನೆಪದಲ್ಲಿ ಇಂಗ್ಲೆಂಡಿನ ದುಡ್ಡಿದ್ದೋರೆಲ್ಲ ಅಲ್ಲಿಗೆ ಬಂದು ತಿಂಗಳುಗಟ್ಟಲೆ ಇರೋರು. ಕೆಲಸವಿಲ್ಲದ ಶ್ರೀಮಂತರಿಗೆ ಹೊತ್ತು ಹೋಗಬೇಕಲ್ಲ, ಚಿತ್ರ ಬರೆಸಿಕೊಳ್ಳೋರು. ಗೇನ್ಸ್‌ಬರೋ ಜಾಗ ನೋಡಿಯೇ ಅಂಗಡಿ ಇಟ್ಟ ಅನ್ನಬೇಕು. ಅವನ ಅಕ್ಕ ಮೇರಿ ಗಿಬ್ಬನ್ ಎಂಬುವಳೂ ಅಲ್ಲಿಗೆ ಬಂದು, ಅವನ ಮನೆಯ ಒಂದು ಭಾಗದಲ್ಲೇ ಹೆಂಗಸರ ಟೋಪಿ, ರಿಬ್ಬನ್ನು ಮಾರೋ ಅಂಗಡಿ ನಡೆಸಿದಳು. ಒಂದೇ ಸೂರಿನ ಕೆಳಗೆ ಟೋಪಿಯೂ ಸಿಗುತ್ತೆ, ಅದನ್ನು ಹಾಕಿಕೊಂಡು ಚಿತ್ರ ಬರೆಸಿಕೊಳ್ಳೋದಕ್ಕೂ ಆಗುತ್ತೆ. ವ್ಯಾಪಾರ ಅಂದ್ರೆ ಇದು!

1763ರ ಶರತ್ಕಾಲದಲ್ಲಿ ಗೇನ್ಸ್‌ಬರೋ ಜೋರಾಗಿ ಹಾಸಿಗೆ ಹಿಡಿದ. ಎಷ್ಟರಮಟ್ಟಿಗೆ ಅಂದ್ರೆ ಊರಿನ ಪತ್ರಿಕೆ ಆತ ತೀರಿಕೊಂಡ ಅಂತಲೇ ಸುದ್ದಿ ಹಾಕಿಬಿಟ್ಟಿತು. (ನಾವೂ ಸುದ್ದಿ ಹಾಕುವವರೇ. ಓದಿ ಸ್ವಲ್ಪ ಬೆವರು ಬಂತು ಅಂತ ಒಪ್ಪಿಕೊಳ್ಳಬೇಕು.) ಎದ್ದು ಕೂತ ಮೇಲೆ ಆತನಿಗೆ ಹಿಡಿದ ಚಿಂತೆ ಒಂದೇ. ತಾನು ಹೋದರೆ ಈ ಎರಡು ಹೆಣ್ಣುಮಕ್ಕಳ ಗತಿ ಏನು? 1764ರಲ್ಲಿ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ಆತ ತನ್ನ ಯೋಜನೆ ತಿಳಿಸಿದ್ದಾನೆ. ಮಕ್ಕಳಿಗೆ ಚಿತ್ರ ಕಲಿಸ್ತಿದ್ದೇನೆ, ಬೀಸಣಿಗೆ ಮೇಲೆ ಹೂವು ಬಳ್ಳಿ ಬರೆದು ಕಾಲ ಕಳೆಯೋ ಹವ್ಯಾಸಕ್ಕಲ್ಲ, ಬೇಕಾದಾಗ ಅನ್ನ ದುಡಿಯೋದಕ್ಕೆ ಆಗುವಂಥ ನಿಸರ್ಗ ಚಿತ್ರ ಕಲಿಸ್ತಿದ್ದೇನೆ ಅನ್ನೋದು ಅದರ ಸಾರ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಹೆಣ್ಣುಮಗು ಅಂದ್ರೆ ಒಂದಿಷ್ಟು ಸಂಗೀತ, ಒಂದಿಷ್ಟು ಫ್ರೆಂಚು, ಆಮೇಲೆ ಗಂಡನ ಮನೆ ಅನ್ನೋ ಕಾಲ. ಈ ಮನುಷ್ಯ ಮಾತ್ರ ಮಗಳ ಕೈಗೆ ಕಸುಬು ಕೊಡೋಕೆ ಹೊರಟಿದ್ದ. ಅದೇ ಹೊತ್ತಿನಲ್ಲಿ ಬರೆದ ಇನ್ನೊಂದು ಚಿತ್ರ ಈಗ ಅಮೆರಿಕದ ವೂಸ್ಟರ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಇಬ್ಬರೂ ಚಿತ್ರ ಕಲಿಯೋ ವಿದ್ಯಾರ್ಥಿನಿಯರಾಗಿ ಕೂತಿದ್ದಾರೆ.

ಯೋಜನೆ ದಡ ಸೇರಲಿಲ್ಲ. ಕಾರಣ ಬಡತನ ಅಲ್ಲ, ದುಡ್ಡು ಬಂದಿದ್ದು. ಗಿರಾಕಿಗಳು ಸಾಲುಗಟ್ಟಿದರು. ಸಂಸಾರ ಬಾತ್‌ನ 'ಸರ್ಕಸ್' ಬಡಾವಣೆಗೆ ಹೋಯಿತು. ಸರ್ಕಸ್ ಅಂದ್ರೆ ಹುಲಿ ಸಿಂಹದ ಸರ್ಕಸ್ ಅಲ್ಲ, ದುಂಡಗೆ ಕಟ್ಟಿದ ಶ್ರೀಮಂತರ ಮನೆಗಳ ಸಾಲು. 1768ರಲ್ಲಿ ಲಂಡನ್ನಿನಲ್ಲಿ ರಾಯಲ್ ಅಕಾಡೆಮಿ ಶುರುವಾದಾಗ ಗೇನ್ಸ್‌ಬರೋ ಅದರ ಸ್ಥಾಪಕ ಸದಸ್ಯರಲ್ಲಿ ಒಬ್ಬ. ಹೀಗಿರೋ ಮನೆಯ ಹುಡುಗೀರು ದುಡಿಯೋದು ಅಂದ್ರೆ ಮರ್ಯಾದೆಗೆ ಕಮ್ಮಿ ಅಲ್ವಾ? ಚಿತ್ರದ ಪಾಠ ಹಿಂದೆ ಬಿತ್ತು. ಚಹಾಕೂಟ, ನೃತ್ಯಕೂಟ, ವರಾನ್ವೇಷಣೆ ಮುಂದೆ ಬಂತು. ಆಗಿನ ಒಂದು ಪತ್ರದಲ್ಲಿ ಗೇನ್ಸ್‌ಬರೋ ಇದೇ ವಿಷಯಕ್ಕೆ ಗೊಣಗಿದ್ದಾನೆ. ಶ್ರೀಮಂತರ ಮುಖ ಬರೆದು ಬರೆದು ಸಾಕಾಗಿದೆ, ವಯೋಲ ಡ ಗಾಂಬಾ ವಾದ್ಯ ಎತ್ತಿಕೊಂಡು ಯಾವುದಾದರೂ ಹಳ್ಳಿಗೆ ಹೋಗಿ ಗಿಡಮರ ಬರೆದುಕೊಂಡು ಇರಬೇಕು ಅನಿಸುತ್ತೆ, ಆದರೆ ಹೆಂಡತಿ ಮಕ್ಕಳ ಈ ಓಡಾಟ ಬಿಡೋದಿಲ್ಲ, ಇಷ್ಟೆಲ್ಲ ಆದರೂ ಗಂಡು ಸಿಗೋದು ಅನುಮಾನ ಅನ್ನೋ ಧಾಟಿಯಲ್ಲಿ.

ಮಕ್ಕಳು ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ ಅಂತಾದರು. ಕೈಯಲ್ಲಿ ಕಸುಬಿಲ್ಲ, ದೊಡ್ಡ ಮನೆತನಗಳು ಕೇಳೋವಷ್ಟು ವರದಕ್ಷಿಣೆಯೂ ಇಲ್ಲ. ಗೇನ್ಸ್‌ಬರೋನ ಕೈ ಸಡಿಲ. ಸಂಗೀತಗಾರರು, ವಾದ್ಯಗಳು, ಗುಂಡು, ಗೆಳೆಯರು, ಹೀಗೆ ದುಡ್ಡು ಬಂದ ಹಾಗೇ ಹೋಗೋದು. ಹೆಂಡತಿಯ ಕೈ ಬಿಗಿ, ಗಲ್ಲಾಪೆಟ್ಟಿಗೆ ಅವಳದೇ. ಅವಳು ಇಲ್ಲದಿದ್ದರೆ ಮಕ್ಕಳ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ ಅಂತ ನನಗನಿಸುತ್ತೆ. ಗೆಳೆಯರು ಮಾತ್ರ ಅವಳನ್ನೇ ಜಿಪುಣಿ ಅಂದರು.

1771ರ ಹೊತ್ತಿಗೆ ಅಕ್ಕ ಮೇರಿಗೆ ಮೊದಲ ಸಲ ಕಾಯಿಲೆ ಕಾಣಿಸಿಕೊಂಡಿತು. ಸನ್ನಿ ಹಿಡಿದ ಹಾಗೆ ಮಾತಾಡತೊಡಗಿದಳು. ನೋಡಿದ ವೈದ್ಯರೊಬ್ಬರು ಇದು ಮನೆತನದಲ್ಲೇ ಇರೋ ಕಾಯಿಲೆ, ಬುದ್ಧಿ ಮತ್ತೆ ಸರಿಹೋಗೋದು ಕಷ್ಟ ಅಂತ ಕೈ ಚೆಲ್ಲಿದರು. ಬೇರೆ ವೈದ್ಯರು ಜ್ವರದ ಸನ್ನಿ ಅಂತ ಚಿಕಿತ್ಸೆ ಕೊಟ್ಟರು, ಸ್ವಲ್ಪ ದಿನಕ್ಕೆ ಹುಷಾರಾದಳು. ಮನೆಯವರು ಎರಡನೇ ಮಾತನ್ನೇ ನಂಬಿದರು. ಯಾರಾದರೂ ಅದನ್ನೇ ನಂಬ್ತಾರೆ.

1774ರಲ್ಲಿ ಸಂಸಾರ ಲಂಡನ್ನಿಗೆ ಬಂತು. ಪಾಲ್ ಮಾಲ್ ಬೀದಿಯ ಶೋಂಬರ್ಗ್ ಹೌಸ್‌ನ ಒಂದು ಭಾಗ ಬಾಡಿಗೆಗೆ ಹಿಡಿದರು. ಅದೇ ಕಟ್ಟಡದ ಇನ್ನೊಂದು ಭಾಗಕ್ಕೆ ಆಮೇಲೆ ಜೇಮ್ಸ್ ಗ್ರಹಾಂ ಎಂಬ ನಕಲಿ ವೈದ್ಯ ಬಂದು ಸೇರಿಕೊಂಡ. ವಿದ್ಯುತ್ ಹಾಯಿಸಿದ ಮಂಚದ ಮೇಲೆ ಮಲಗಿದರೆ ಮಕ್ಕಳಾಗದವರಿಗೆ ಮಕ್ಕಳಾಗುತ್ತೆ ಅಂತ ಹೇಳಿ ಒಂದು ರಾತ್ರಿಗೆ 50 ಪೌಂಡ್ ವಸೂಲಿ ಮಾಡ್ತಿದ್ದ. ಇಂಥವರಿಗೆ ಯಾವ ಕಾಲದಲ್ಲೂ ಗಿರಾಕಿ ಕಮ್ಮಿ ಇಲ್ಲ ಬಿಡಿ.

ಲಂಡನ್ನಿನಲ್ಲಿ ಮನೆಗೆ ಬರ್ತಿದ್ದ ಸಂಗೀತಗಾರರಲ್ಲಿ ಯೋಹಾನ್ ಕ್ರಿಶ್ಚಿಯನ್ ಫಿಶರ್ ಒಬ್ಬ. ಜರ್ಮನಿಯವನು. ಓಬೋ ಎಂಬ ಊದುವ ವಾದ್ಯದಲ್ಲಿ, ಇದು ಹೆಚ್ಚುಕಮ್ಮಿ ನಮ್ಮ ಶಹನಾಯಿ ಜಾತಿಯದು, ಅವನ ಹೆಸರು ಯೂರೋಪಿನಲ್ಲೆಲ್ಲ ಇತ್ತು. ಗೇನ್ಸ್‌ಬರೋಗೆ ಅವನ ಸಂಗೀತ ಇಷ್ಟ, ಸ್ವಭಾವ ಕಷ್ಟ. ಮಗಳ ಮೇಲೆ ಅವನ ಕಣ್ಣಿದೆ ಅಂತ ಅಪ್ಪನಿಗೆ ಅನುಮಾನ ಬಂದಿತ್ತು, 1775ರಲ್ಲಿ ಅಕ್ಕ ಗಿಬ್ಬನ್‌ಗೆ ಪತ್ರದಲ್ಲಿ ಬರೆದೂ ಇದ್ದಾನೆ. ತಮಾಷೆ ಏನಂದ್ರೆ, ಆತ ಕಾವಲು ಕಾಯ್ತಿದ್ದುದು ಚಿಕ್ಕವಳನ್ನು. ಫಿಶರ್ ಗುಟ್ಟಾಗಿ ಒಲಿಸಿಕೊಂಡಿದ್ದು ದೊಡ್ಡವಳನ್ನು.

1780ರ ಫೆಬ್ರವರಿಯಲ್ಲಿ ಮೇರಿಯ ಮದುವೆ ಆಯಿತು. ಅವಳಿಗೆ ಆಗಲೇ ಮೂವತ್ತು. ಅಪ್ಪನಿಗೆ ವಿಷಯ ಗೊತ್ತಾಗಿದ್ದು ಕೊನೇ ಗಳಿಗೆಯಲ್ಲಿ. ಬೇಡ ಅಂದ್ರೆ ಮಗಳು ಹಾಸಿಗೆ ಹಿಡೀತಾಳೇನೋ ಅನ್ನೋ ಹೆದರಿಕೆಗೆ ಒಪ್ಪಿಕೊಂಡ. ಮದುವೆ ಕೆಲವೇ ತಿಂಗಳು ಬಾಳಿತು. ಮೇರಿ ತವರಿಗೆ ವಾಪಸ್ ಬಂದಳು. ಬಂದವಳು ಹೋದಾಗಿನ ಮೇರಿಯಾಗಿ ಉಳಿದಿರಲಿಲ್ಲ. ಫಿಶರನ ಆಳೆತ್ತರದ ಚಿತ್ರವೂ ಮಾವನೇ ಬರೆದದ್ದು, ಅದು ಈಗಲೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಅಳಿಯನನ್ನು ಎಷ್ಟು ಚೆನ್ನಾಗಿ ಬರೆದಿದ್ದಾನೆ ಅಂದ್ರೆ, ನೋಡಿದವರಿಗೆ ಇವನ ಜೊತೆ ಸಂಸಾರ ಕೆಟ್ಟಿತು ಅಂತ ನಂಬೋಕೆ ಕಷ್ಟ.

ಇಲ್ಲೊಂದು ನಮ್ಮ ನಾಡಿಗೆ ಸಂಬಂಧಪಟ್ಟ ವಿಷಯ ಹೇಳಿಬಿಡ್ತೀನಿ. ಹೆಣ್ಣುಮಕ್ಕಳಿಬ್ಬರೂ ಹೀಗೆ ಮನೆಯಲ್ಲಿದ್ದ ಕಾಲದಲ್ಲೇ, 1783ರಲ್ಲಿ, ಗೇನ್ಸ್‌ಬರೋ ಒಬ್ಬ ಸೇನಾಧಿಕಾರಿಯ ಚಿತ್ರ ಬರೆದ. ಅಮೆರಿಕದಲ್ಲಿ ಯುದ್ಧ ಸೋತು ಶರಣಾಗಿ ಬಂದಿದ್ದವನು ಆ ಅಧಿಕಾರಿ. ಹೆಸರು ಚಾರ್ಲ್ಸ್ ಕಾರ್ನ್‌ವಾಲಿಸ್. ಹೌದು, ಅವನೇ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ ಕಾರ್ನ್‌ವಾಲಿಸ್. ಆ ಚಿತ್ರ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ.

1788ರ ಆಗಸ್ಟ್ 2ರಂದು ಗೇನ್ಸ್‌ಬರೋ ತೀರಿಕೊಂಡ. ಕುತ್ತಿಗೆಯಲ್ಲಿ ಕ್ಯಾನ್ಸರ್ ಗಡ್ಡೆ. ಕ್ಯೂ ಎಂಬಲ್ಲಿ ಹಳೇ ಗೆಳೆಯನ ಪಕ್ಕದಲ್ಲಿ ಮಣ್ಣು ಮಾಡಿದರು. ಮುಂದಿನ ವರ್ಷ ಮನೆಯಲ್ಲೇ ಉಳಿದ ಚಿತ್ರಗಳನ್ನು ಮಾರಾಟಕ್ಕೆ ಇಟ್ಟರು. ತಾಯಿ ಇನ್ನೊಂದು ಹತ್ತು ವರ್ಷ ಇದ್ದಳು, 1798ರ ಡಿಸೆಂಬರಿನಲ್ಲಿ ಹೋದಳು. ಜೊತೆಯಲ್ಲೇ ಕೆಲಸ ಕಲಿತು ಬೆಳೆದ ಸೋದರ ಸಂಬಂಧಿ ಗೇನ್ಸ್‌ಬರೋ ಡುಪಾಂಟ್ ಅದಕ್ಕೂ ಮುಂಚೆ, 1797ರಲ್ಲೇ ಸತ್ತಿದ್ದ. ಉಳಿದವರು ಅಕ್ಕತಂಗಿ ಇಬ್ಬರೇ. ಮಾರ್ಗರೆಟ್‌ಗೆ ಆಗ ನಲವತ್ತೇಳು.

ಮದುವೆ ಆಗದ ಹೆಣ್ಣು ಅಂದ್ರೆ ನಮ್ಮಲ್ಲಿ ಮೊದಲು ಬರೋ ಮಾತು, ಪಾಪ, ಯಾಕೆ ಆಗಲಿಲ್ಲ ಅಂತ. ಆಗಿನ ಇಂಗ್ಲೆಂಡಿನ ಕಾನೂನು ನೋಡಿದರೆ ಬೇರೆಯೇ ಕಾಣುತ್ತೆ. ಮದುವೆ ಆದ ಹೆಂಗಸಿಗೆ ತನ್ನದು ಅಂತ ಆಸ್ತಿ ಇಲ್ಲ, ಅವಳ ದುಡ್ಡು ಗಂಡನದು, ಅವಳು ಒಬ್ಬಳೇ ಸಹಿ ಹಾಕಿದ ಕರಾರಿಗೂ ಬೆಲೆ ಇಲ್ಲ. ಬಿಡುಗಡೆ ಆಗಿ ಮರುಮದುವೆ ಆಗಬೇಕಂದ್ರೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಕಾಯಿದೆಯೇ ಆಗಬೇಕು, ಅದು ಶ್ರೀಮಂತ ಗಂಡಸರಿಗೆ ಮಾತ್ರ ಎಟುಕೋ ದಾರಿ. ಹೀಗಾಗಿ ಮೇರಿ ಕೆಲವು ತಿಂಗಳ ಸಂಸಾರಕ್ಕೆ ಇಪ್ಪತ್ತು ವರ್ಷ ಶ್ರೀಮತಿ ಫಿಶರ್ ಆಗಿಯೇ ಇದ್ದಳು, 1800ರಲ್ಲಿ ಫಿಶರ್ ಸಾಯುವ ತನಕ. ಮದುವೆ ಆಗದ ಮಾರ್ಗರೆಟ್‌ಗೆ ಮಾತ್ರ ತನ್ನ ಹೆಸರಲ್ಲಿ ಆಸ್ತಿ ಇಟ್ಟುಕೊಳ್ಳೋ, ಮನೆ ಹಿಡಿಯೋ, ಅಪ್ಪನ ಚಿತ್ರ ಮಾರೋ ಹಕ್ಕು ಇತ್ತು. ಅವಳೂ ಯಾರನ್ನೋ ಕಟ್ಟಿಕೊಂಡಿದ್ದರೆ, ಅಕ್ಕನನ್ನು ಮನೆಯಲ್ಲಿ ಇಟ್ಟುಕೊಳ್ಳೋದಾ ಬೇಡವಾ ಅಂತ ಹೇಳೋನು ಆ ಗಂಡ ಆಗಿರ್ತಿದ್ದ.

ಇಟ್ಟುಕೊಳ್ಳದೆ ಹೋದರೆ ಎಲ್ಲಿಗೆ ಕಳಿಸಬೇಕಿತ್ತು ಅನ್ನೋದೂ ಗೊತ್ತಿರಲಿ. ಲಂಡನ್ನಿನ ಬೆಡ್ಲಾಂ ಹುಚ್ಚಾಸ್ಪತ್ರೆಯಲ್ಲಿ 1770ರವರೆಗೂ ಜನ ಕಾಸು ಕೊಟ್ಟು ಒಳಗೆ ಹೋಗಿ ರೋಗಿಗಳನ್ನು ನೋಡಿ ನಗ್ತಿದ್ದರು, ಮೃಗಾಲಯಕ್ಕೆ ಹೋದ ಹಾಗೆ. ಖಾಸಗಿ ಹುಚ್ಚಾಸ್ಪತ್ರೆಗಳ ಹಾವಳಿ ಎಷ್ಟಿತ್ತು ಅಂದ್ರೆ 1774ರಲ್ಲಿ ಅದಕ್ಕೆ ಕಡಿವಾಣ ಹಾಕೋಕೆ ಒಂದು ಕಾಯಿದೆಯನ್ನೇ ತಂದರು. ಸರಪಳಿ, ಕತ್ತಲೆ ಕೋಣೆ, ರಕ್ತ ತೆಗೆಯೋದು, ಇವೇ ಔಷಧಿ. ಗೇನ್ಸ್‌ಬರೋ ಸತ್ತ ಕೆಲವೇ ತಿಂಗಳಿಗೆ ರಾಜ ಮೂರನೇ ಜಾರ್ಜ್‌ಗೇ ಬುದ್ಧಿ ಭ್ರಮಣೆ ಆಯಿತು. ರಾಜನನ್ನೂ ಕುರ್ಚಿಗೆ ಕಟ್ಟಿ ಕೂರಿಸಿದರು. ರಾಜನಿಗೇ ಹಾಗಾದರೆ ಗಂಡ ಬಿಟ್ಟ ಹೆಂಗಸಿನ ಪಾಡೇನು.

ಮಾರ್ಗರೆಟ್ ಅಕ್ಕನನ್ನು ಎಲ್ಲಿಗೂ ಕಳಿಸಲಿಲ್ಲ. ಲಂಡನ್ನಿನ ಪಶ್ಚಿಮಕ್ಕೆ, ಆಗಿನ್ನೂ ಹಳ್ಳಿಯಾಗಿದ್ದ ಆಕ್ಟನ್‌ನಲ್ಲಿ ಇಬ್ಬರೂ ಮನೆ ಮಾಡಿದರು. ಮೇರಿಗೆ ತಲೆಯಲ್ಲಿ ಹೊಕ್ಕ ಭ್ರಮೆಗಳಲ್ಲಿ ಒಂದು, ಯುವರಾಜ ತನ್ನನ್ನು ಪ್ರೀತಿಸ್ತಿದ್ದಾನೆ ಅನ್ನೋದು ಅಂತ ಅವರ ಕಥೆ ಬರೆದವರು ಹೇಳ್ತಾರೆ. ಬಂದವರ ಮುಂದೆ ಅಕ್ಕ ಹೀಗೆ ಮಾತಾಡಿದರೆ ತಂಗಿ ಏನು ಮಾಡಬೇಕು? ಹೌದು ಅನ್ನಬೇಕಾ, ಅಲ್ಲ ಅನ್ನಬೇಕಾ? ಮನೆಯಲ್ಲಿ ಇಂಥವರನ್ನು ಇಟ್ಟುಕೊಂಡವರಿಗೆ ಇದರ ಕಷ್ಟ ಗೊತ್ತು. ದೊಡ್ಡ ಗಲಾಟೆಗಳಿಗಿಂತ ದಿನದ ಈ ಸಣ್ಣ ಸಣ್ಣ ಉತ್ತರಗಳೇ ಜೀವ ಹಿಂಡೋದು. ಮದುವೆ ಮನೆಗೆ ಹೋಗೋ ಹಾಗಿಲ್ಲ, ಒಂದು ರಾತ್ರಿ ಬೇರೆ ಕಡೆ ಉಳಿಯೋ ಹಾಗಿಲ್ಲ, ಬಾಗಿಲು ಬಡಿದರೆ ಮೊದಲು ಒಳಗಿನವರ ಮುಖ ನೋಡಬೇಕು. ತಾಯಿ ಸತ್ತ ಮೇಲೆ ಹೀಗೆ ಇಪ್ಪತ್ತೆರಡು ವರ್ಷ. ಮಾತೇ ಆಡದೆ ಮೂಲೆ ಸೇರಿದವಳಲ್ಲ ಮಾರ್ಗರೆಟ್. ಜೋಸೆಫ್ ಫ್ಯಾರಿಂಗ್ಟನ್ ಎಂಬ ಚಿತ್ರಕಾರ ಊರಿನ ಸುದ್ದಿಯನ್ನೆಲ್ಲ ದಿನಚರಿಯಲ್ಲಿ ಬರೆದಿಡ್ತಿದ್ದ. 1799ರಲ್ಲಿ ಆಕೆ ಅಪ್ಪ ಅಮ್ಮನ ಬಗ್ಗೆ ಹೇಳಿದ ಸಂಗತಿಗಳನ್ನು ಅವನು ದಾಖಲು ಮಾಡಿದ್ದಾನೆ. ಗೇನ್ಸ್‌ಬರೋ ಮನೆಯ ಒಳಗಿನ ವಿಷಯ ನಮಗೆ ಗೊತ್ತಾಗಿರೋದರಲ್ಲಿ ಒಂದು ಪಾಲು ಆಕೆಯ ಬಾಯಿಂದ ಬಂದದ್ದೇ.

ಅಪ್ಪ ಮಕ್ಕಳನ್ನು ಮತ್ತೆ ಮತ್ತೆ ಬರೆದ. ಚಿಟ್ಟೆ ಹಿಡಿಯೋ ಚಿತ್ರ ಒಂದಾದರೆ, ಬೆಕ್ಕು ಹಿಡಿದುಕೊಂಡ ಚಿತ್ರ ಇನ್ನೊಂದು. ಬೆಕ್ಕಿನ ಚಿತ್ರದಲ್ಲಿ ಬೆಕ್ಕೇ ಇಲ್ಲ, ಬರೀ ಗೆರೆಯಲ್ಲಿ ಅದರ ಆಕಾರ ಮೂಡಿಸಿ ಬಿಟ್ಟಿದ್ದಾನೆ. ಹೊಲದಲ್ಲಿ ತೆನೆ ಆಯುವ ಹುಡುಗಿಯಾಗಿ ಮಾರ್ಗರೆಟ್‌ಳನ್ನು ಬರೆದ ಚಿತ್ರ ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿದೆ. ಇವುಗಳಲ್ಲಿ ಎಷ್ಟೋ ಅರ್ಧಕ್ಕೇ ನಿಂತವು. ಗಿರಾಕಿಯ ಚಿತ್ರ ಆದರೆ ಮುಗಿಸಿ ಕೊಟ್ಟರೇ ದುಡ್ಡು. ಮನೆಯವರದ್ದಕ್ಕೆ ಯಾರು ತಗಾದೆ ಮಾಡ್ತಾರೆ? ಇಬ್ಬರೂ ಇದ್ದ ಇನ್ನೊಂದು ಚಿತ್ರವನ್ನು ಆಮೇಲೆ ಯಾರೋ ನಡುವೆ ಕತ್ತರಿಸಿ ಎರಡು ಮಾಡಿದ್ದರು. ಅಕ್ಕ ಒಂದು ತುಂಡಿನಲ್ಲಿ, ತಂಗಿ ಇನ್ನೊಂದರಲ್ಲಿ. ಮುಂದೆ ಎರಡೂ ತುಂಡು ಸೇರಿಸಿ ಮತ್ತೆ ಅಂಟಿಸಿದರು. ಅದು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಚಿಟ್ಟೆಯ ಚಿತ್ರ ಹಲವು ಕೈ ದಾಟಿ, 1900ರಲ್ಲಿ ಹೆನ್ರಿ ವಾನ್ ಎಂಬ ಸಂಗ್ರಾಹಕನ ಉಯಿಲಿನ ಮೂಲಕ ನ್ಯಾಷನಲ್ ಗ್ಯಾಲರಿ ಸೇರಿತು. ಅಲ್ಲಿ ಅದನ್ನು ನೋಡೋಕೆ ಟಿಕೆಟ್ ಇಲ್ಲ. ನಮ್ಮ ಕಡೆಯ ಮಕ್ಕಳು ಓದೋಕೆ, ಕೆಲಸಕ್ಕೆ ಅಂತ ಲಂಡನ್ನಿಗೆ ಹೋಗೋರು ಈಗ ಸಾಕಷ್ಟು ಜನ. ಒಂದು ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋಗಿ ನೋಡಿ ಅಂತ ಅವರಿಗೆ ಹೇಳಿ. ಗೇನ್ಸ್‌ಬರೋ ತನ್ನ ಮನೆಯವರನ್ನು ಬರೆದ ಚಿತ್ರಗಳನ್ನೆಲ್ಲ ಒಟ್ಟು ಸೇರಿಸಿ 2018ರಲ್ಲಿ ಲಂಡನ್ನಿನ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಪ್ರದರ್ಶನ ಮಾಡಿದರು. ಆಗ ಮಾರ್ಗರೆಟ್ ಹೆಸರು ಪತ್ರಿಕೆಗಳಲ್ಲಿ ಮತ್ತೆ ಓಡಾಡಿತು.

ಮಾರ್ಗರೆಟ್ ಸತ್ತದ್ದು 1820ರ ಡಿಸೆಂಬರ್ 18ರಂದು, ಅರವತ್ತೊಂಬತ್ತನೇ ವಯಸ್ಸಿನಲ್ಲಿ. ಆಕ್ಟನ್‌ಗೆ ಹತ್ತಿರದ ಹ್ಯಾನ್‌ವೆಲ್‌ನ ಚರ್ಚಿನ ಆವರಣದಲ್ಲಿ ಮಣ್ಣು ಮಾಡಿದರು. ನೋಡಿಕೊಳ್ಳುವವಳೇ ಮೊದಲು ಹೋದಳು. ಅಕ್ಕ ಇನ್ನೂ ಐದೂವರೆ ವರ್ಷ ಬದುಕಿದ್ದು 1826ರ ಜುಲೈ 2ರಂದು ತೀರಿಕೊಂಡಳು. ಅಪ್ಪ ಅಮ್ಮ ಕ್ಯೂನಲ್ಲಿದ್ದಾರೆ. ಮೇರಿಯನ್ನು ಅಲ್ಲಿಗೆ ಒಯ್ಯಲಿಲ್ಲ, ಹ್ಯಾನ್‌ವೆಲ್‌ಗೆ ತಂದರು, ತಂಗಿ ಇದ್ದ ಕಡೆಗೆ.